ಐರ್ಲೆಂಡ್: ಕಾನೂನು ಬದಲಾದಾಗ ಚಿಕಿತ್ಸೆ ಬದಲಾದ ಬಗೆ

ಐರ್ಲೆಂಡ್‌ನಲ್ಲಿ ಗರ್ಭಪಾತವು 1861ರ ಬ್ರಿಟಿಷ್ ಆಳ್ವಿಕೆಯ ಕಾಯ್ದೆಯಿಂದಲೇ ಅಪರಾಧವಾಗಿತ್ತು. 1983ರ ಜನಮತಗಣನೆ ಈ ನಿಷೇಧಕ್ಕೆ ಸಂವಿಧಾನದ ಬಲ ಕೊಟ್ಟಿತು. ಹುಟ್ಟದ ಶಿಶುವಿಗೂ ತಾಯಿಗೂ ಜೀವದ ಹಕ್ಕು ಸಮಾನ ಎಂದಿತು ಸಂವಿಧಾನದ ಎಂಟನೇ ತಿದ್ದುಪಡಿ. ತಾಯಿಯ ಪ್ರಾಣಕ್ಕೇ ನಿಜವಾದ, ಗಂಭೀರ ಅಪಾಯವಿದ್ದರೆ ಗರ್ಭ ತೆಗೆಯಬಹುದೆಂದು 1992ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತರೂ, ಆ ಅಪಾಯವನ್ನು ತೀರ್ಮಾನಿಸುವ ಬಗೆಯನ್ನು ತಿಳಿಸುವ ಕಾಯ್ದೆ ಎರಡು ದಶಕ ಬರಲೇ ಇಲ್ಲ.

ನಿಷೇಧದಿಂದ ಗರ್ಭಪಾತ ನಿಲ್ಲಲಿಲ್ಲ, ಸಮುದ್ರ ದಾಟಿತು ಅಷ್ಟೆ. 2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಲಿನಿಕ್‌ಗಳಲ್ಲಿ ಐರ್ಲೆಂಡ್ ವಿಳಾಸ ಕೊಟ್ಟು ಗರ್ಭಪಾತ ಮಾಡಿಸಿಕೊಂಡವರು 3,265 ಮಂದಿ. ಪ್ರಯಾಣದ ಖರ್ಚಿಗೆ ದಾರಿಯಿಲ್ಲದವರು, ವೀಸಾ ತೊಡಕಿದ್ದ ವಲಸಿಗರು ಅಂತರ್ಜಾಲದಲ್ಲಿ ಗುಟ್ಟಾಗಿ ಮಾತ್ರೆ ತರಿಸಿಕೊಂಡರು. ಶಿಕ್ಷೆಯ ಭಯವಿದ್ದುದರಿಂದ, ರಕ್ತಸ್ರಾವ ಹೆಚ್ಚಾದರೂ ವೈದ್ಯರ ಮುಂದೆ ನಿಜ ಹೇಳುವುದು ಸುಲಭವಿರಲಿಲ್ಲ.

ಈ ಅಸ್ಪಷ್ಟ ಕಾನೂನಿಗೆ ತೆತ್ತ ಬೆಲೆ ಜಗತ್ತಿಗೆ ಗೊತ್ತಾದದ್ದು ಬೆಳಗಾವಿಯಲ್ಲಿ ಬೆಳೆದ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರ ಸಾವಿನಿಂದ. 31 ವರ್ಷದ, 17 ವಾರಗಳ ಗರ್ಭಿಣಿ ಸವಿತಾ 2012ರ ಅಕ್ಟೋಬರ್ 21ರಂದು ಬೆನ್ನುನೋವೆಂದು ಗಾಲ್ವೆಯ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲವೆಂಬುದು ಖಚಿತವಾಯಿತು. ನೀರಿನ ಚೀಲವೂ ಒಡೆಯಿತು. ಗರ್ಭ ತೆಗೆಯಿರೆಂದು ಅವರು ಕೇಳಿಕೊಂಡಾಗ, ಭ್ರೂಣದ ಎದೆಬಡಿತ ಇನ್ನೂ ಇದ್ದುದರಿಂದ ವೈದ್ಯರು ಒಪ್ಪಲಿಲ್ಲ. ಅಷ್ಟರಲ್ಲಿ ಸೋಂಕು ರಕ್ತಕ್ಕೆ ಹರಡಿತ್ತು. ಅಕ್ಟೋಬರ್ 28ರಂದು ಅವರು ತೀರಿಕೊಂಡರು. ಸೋಂಕಿನ ಸೂಚನೆಗಳನ್ನು ಸರಿಯಾಗಿ ಗಮನಿಸದ ಲೋಪಗಳು ತನಿಖೆಯಲ್ಲಿ ಹೊರಬಂದವು. ಮೊದಲ ದಿನಗಳಲ್ಲೇ ಗರ್ಭ ತೆಗೆದಿದ್ದರೆ ಬಹುಶಃ ಬದುಕುತ್ತಿದ್ದರು, ಆದರೆ ಆಗ ಪ್ರಾಣಾಪಾಯ ಕಾಣಿಸದ ಕಾರಣ ಕಾನೂನು ಅದಕ್ಕೆ ಅಡ್ಡಿಯಾಗಿತ್ತು ಎಂದು ಪ್ರಸೂತಿ ತಜ್ಞ ಪೀಟರ್ ಬಾಯ್ಲನ್ ವಿಚಾರಣೆಯಲ್ಲಿ ಹೇಳಿದರು. ಅಪಾಯ ಕಾಣಿಸುವವರೆಗೆ ಕಾಯಬೇಕು. ಕಾಣಿಸುವ ಹೊತ್ತಿಗೆ ಕೈಮೀರಿರುತ್ತದೆ. ಭಾರತದ 1971ರ ಕಾಯ್ದೆಯಾದರೋ ಪ್ರಾಣಾಪಾಯದ ಜೊತೆಗೆ ಮಹಿಳೆಯ ದೈಹಿಕ, ಮಾನಸಿಕ ಆರೋಗ್ಯಕ್ಕಾಗುವ ಗಂಭೀರ ಹಾನಿಯನ್ನೂ ಕಾರಣವಾಗಿ ಆಗಲೇ ಒಪ್ಪಿತ್ತು.

2013ರಲ್ಲಿ ಬಂದ ಐರಿಷ್ ಕಾಯ್ದೆ ಪ್ರಾಣಾಪಾಯದ ಸಂದರ್ಭಗಳಿಗೆ ನಿಯಮ ರೂಪಿಸಿತೇ ಹೊರತು ಬೇರೇನನ್ನೂ ಸಡಿಲಿಸಲಿಲ್ಲ. ಕಾನೂನುಬಾಹಿರ ಗರ್ಭಪಾತಕ್ಕೆ 14 ವರ್ಷಗಳವರೆಗೆ ಸೆರೆವಾಸದ ಶಿಕ್ಷೆ ಉಳಿಯಿತು. ನಿಜವಾದ ತಿರುವು ಬಂದದ್ದು 2018ರ ಮೇ 25ರ ಜನಮತಗಣನೆಯಿಂದ. ಬದಲಾವಣೆಯ ಪರ ಮತ ಹಾಕಿರೆಂದು ಸವಿತಾ ಅವರ ಹೆತ್ತವರು ಐರ್ಲೆಂಡ್ ಜನರಲ್ಲಿ ಮನವಿ ಮಾಡಿದ್ದರು. ಶೇ 66.4ರಷ್ಟು ಮತದಾರರು ಎಂಟನೇ ತಿದ್ದುಪಡಿಯನ್ನು ತೆಗೆಯಲು ಒಪ್ಪಿದರು.

2019ರ ಜನವರಿಯಿಂದ 12 ವಾರಗಳೊಳಗೆ ಮಹಿಳೆ ಕಾರಣ ಕೊಡದೆಯೇ ಗರ್ಭಪಾತ ಮಾಡಿಸಿಕೊಳ್ಳಬಹುದು. ಮೊದಲ ಒಂಬತ್ತು ವಾರಗಳಲ್ಲಿ ಈ ಸೇವೆಗೆ ಒಪ್ಪಿದ ಊರಿನ ಕುಟುಂಬ ವೈದ್ಯರೇ ಮಾತ್ರೆ ಕೊಡುತ್ತಾರೆ; ಆನಂತರದವರನ್ನು ಆಸ್ಪತ್ರೆಗೆ ಕಳಿಸುತ್ತಾರೆ. ನಿವಾಸಿಗಳಿಗೆ ಸೇವೆ ಉಚಿತ. 12 ವಾರ ಮೀರಿದರೆ ಪ್ರಾಣಕ್ಕೆ ಅಪಾಯ, ಆರೋಗ್ಯಕ್ಕೆ ಗಂಭೀರ ಹಾನಿ ಅಥವಾ ಶಿಶು ಬದುಕಲಾರದ ಸ್ಥಿತಿ ಇರಬೇಕು. ಮೊದಲ ವರ್ಷವೇ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಹೋಗುವವರ ಸಂಖ್ಯೆ 375ಕ್ಕೆ ಇಳಿಯಿತು.

ಆದರೂ ತೊಡಕುಗಳು ಮುಗಿದಿಲ್ಲ. ವೈದ್ಯರು ದೃಢೀಕರಿಸಿದ ಮೇಲೆ ಮೂರು ದಿನ ಕಾಯಲೇಬೇಕೆಂಬ ನಿಯಮ 12ನೇ ವಾರದ ಅಂಚಿನಲ್ಲಿರುವವರಿಗೆ ಬಾಗಿಲನ್ನೇ ಮುಚ್ಚಬಹುದು. ಎಲ್ಲ ಕುಟುಂಬ ವೈದ್ಯರೂ ಈ ಸೇವೆ ಕೊಡುವುದಿಲ್ಲವಾದ್ದರಿಂದ ಹಳ್ಳಿಗಾಡಿನವರು ದೂರ ಹೋಗಬೇಕಾಗುತ್ತದೆ. ಶಿಶು ಬದುಕಲಾರದ ಸ್ಥಿತಿಯೆಂಬ ಕಾರಣಕ್ಕಾದರೆ, ಅದು ಹುಟ್ಟುವ ಮೊದಲು ಅಥವಾ ಹುಟ್ಟಿದ 28 ದಿನಗಳೊಳಗೆ ಸಾಯುವ ಸಂಭವವಿದೆಯೆಂದು ಇಬ್ಬರು ವೈದ್ಯರು ಬರೆದುಕೊಡಬೇಕು. ಅಷ್ಟು ಖಚಿತವಾಗಿ ಹೇಳಲಾಗದ ತೀವ್ರ ನ್ಯೂನತೆಯ ಪ್ರಕರಣಗಳಲ್ಲಿ ದಂಪತಿ ಈಗಲೂ ಇಂಗ್ಲೆಂಡ್‌ಗೆ ಹೋಗುತ್ತಾರೆ. ಹಕ್ಕು ಕಾಯ್ದೆಯಲ್ಲಿ ಸಿಕ್ಕರೆ ಸಾಲದು, ಅದನ್ನು ನಡೆಸಿಕೊಡುವ ವೈದ್ಯರು ಹತ್ತಿರದಲ್ಲಿರಬೇಕು, ನಿರ್ಧರಿಸುವ ಹೊತ್ತಿನಲ್ಲಿ ಅವರಿಗೆ ಜೈಲಿನ ಭಯ ಇರಬಾರದು.