ಕೇಳುವವರ ನಡುವೆ ಬೆಳೆದ ಸಣ್ಣಕತೆ

ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿಕೊಳ್ಳುವುದಕ್ಕೆ ಮೊದಲು ಕುಮಾರಧಾರೆಯು ಹಾದುಬರುವ ಸೀಮೆಯಲ್ಲಿ, ಆ ಪೇಟೆಯಿಂದ ಕಡಬಕ್ಕೂ ಅಲ್ಲಿಂದ ಮುಂದೆ ಸುಬ್ರಹ್ಮಣ್ಯಕ್ಕೂ ಹೋಗುವ ದಾರಿಯಲ್ಲಿ, ಕುಂತೂರು ಆಲಂಕಾರುಗಳಿಗೆ ನೆರೆಯಾಗಿ ಪೆರಾಬೆ ಗ್ರಾಮವಿದೆ. ಬಹುಕಾಲ ಪುತ್ತೂರು ತಾಲ್ಲೂಕಿಗೆ ಸೇರಿದ್ದ ಈ ಗ್ರಾಮವು ಈಚಿನ ವರ್ಷಗಳಲ್ಲಿ ಹೊಸದಾಗಿ ಏರ್ಪಟ್ಟ ಕಡಬ ತಾಲ್ಲೂಕಿನ ಪಾಲಿಗೆ ಬಂದಿತು. ಅಡಿಕೆ, ತೆಂಗು, ರಬ್ಬರು ತೋಟಗಳ ನಡುವೆ ಮನೆಗಳು ದೂರದೂರಕ್ಕೆ ಚದರಿರುವ ಇಂಥ ಊರುಗಳಲ್ಲಿ ನಾಲ್ಕು ಜನ ಒಂದೆಡೆ ಕುಳಿತು, ಒಬ್ಬರು ಬರೆದ ಸಣ್ಣಕತೆಯನ್ನು ಮಿಕ್ಕವರು ಕೇಳಿ, ಅದರ ಗುಣದೋಷಗಳನ್ನು ಸಾವಧಾನವಾಗಿ ವಿಚಾರಿಸುವ ಅಭ್ಯಾಸವು ಎಲ್ಲಿಂದ ಬಂದಿತು, ಯಾವ ಯಾವ ಕವಲುಗಳಿಂದ ಅದಕ್ಕೆ ನೀರು ಹರಿದು ಸೇರಿತು ಎಂಬುದನ್ನು ಹುಡುಕುತ್ತ ಹೋದರೆ, ಹೊಸಗನ್ನಡ ಕಥನಸಾಹಿತ್ಯದ ಚರಿತ್ರೆಯ ಒಂದು ಮುಖ್ಯ ಭಾಗವೇ ಈ ಸೀಮೆಯಲ್ಲಿಯೂ ಇದರ ಸುತ್ತಲಿನಲ್ಲಿಯೂ ನಡೆದುಹೋಗಿರುವುದು ಕಣ್ಣಿಗೆ ಬೀಳುತ್ತದೆ.

ಬರವಣಿಗೆಗೆ ಮೊದಲು ಇಲ್ಲಿ ಕೇಳ್ಮೆಯಿದ್ದಿತು. ದೀಪದ ಬೆಳಕಿನಲ್ಲಿ ಭಾಗವತರ ಪದ್ಯವನ್ನು ಕೇಳಿ, ವೇಷವಿಲ್ಲದೆ, ಕುಣಿತವಿಲ್ಲದೆ, ಬರೆದಿಟ್ಟ ಒಂದು ಸಾಲಿನ ಆಧಾರವೂ ಇಲ್ಲದೆ, ಕೃಷ್ಣನಾಗಿಯೋ ಕೌರವನಾಗಿಯೋ ಮಾತಾಡುವ ಅರ್ಥಧಾರಿಗಳ ತಾಳಮದ್ದಲೆಯು ದಕ್ಷಿಣ ಕನ್ನಡ ಕಾಸರಗೋಡುಗಳ ಮಳೆಗಾಲದ ರಾತ್ರಿಗಳನ್ನು ಆಳಿದ ಕಲೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥವರ ಅರ್ಥವನ್ನು ಕೇಳಲು ಬಂದು ಚಾವಡಿಯಲ್ಲಿ ಕುಳಿತಿರುತ್ತಿದ್ದ ಕೃಷಿಕರಿಗೆ ಪ್ರಸಂಗದ ಕತೆ ಮೊದಲೇ ಗೊತ್ತು; ಮುಂದೇನಾಗುವುದೆಂಬ ಕುತೂಹಲಕ್ಕಾಗಿ ಅವರು ಬಂದವರಲ್ಲ. ಗೊತ್ತಿರುವುದನ್ನೇ ಈತ ಇಂದು ಹೇಗೆ ಹೇಳುವನು, ಯಾವ ಪ್ರಶ್ನೆಯಿಂದ ಎದುರಾಳಿಯನ್ನು ಕಟ್ಟಿಹಾಕುವನು, ಎಲ್ಲಿ ಮಾತು ಬೆಳೆಸುವನು, ಎಲ್ಲಿ ನಿಲ್ಲಿಸುವನು ಎಂಬುದರಲ್ಲಿಯೇ ಅವರ ಲಕ್ಷ್ಯವೆಲ್ಲ ನೆಟ್ಟಿರುತ್ತಿದ್ದಿತು. ಕಥನಕಲೆಯ ಸೂಕ್ಷ್ಮವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇರೊಂದಿಲ್ಲವೆಂದು ನನ್ನ ನಂಬಿಕೆ. ಆದರೂ ಒಂದನ್ನು ಹೇಳಲೇಬೇಕು. ತಾಳಮದ್ದಲೆಯು ಮಾತನ್ನು ವಿಸ್ತರಿಸುವ ಕಲೆ, ಸಣ್ಣಕತೆಯು ಮಾತನ್ನು ಸಂಕೋಚಿಸುವ ಕಲೆ. ಆದಕಾರಣ ಈ ಸೀಮೆಯಲ್ಲಿ ಹುಟ್ಟಿದ ಕತೆಗಾರನು ತನ್ನ ಪರಂಪರೆಯಿಂದ ಕಿವಿಯನ್ನು ಪಡೆದುಕೊಂಡು, ಅದರ ವಾಗ್ವೈಭವವನ್ನು ಮಾತ್ರ ತುಸು ದೂರದಲ್ಲಿ ನಿಲ್ಲಿಸಬೇಕಾಗುತ್ತದೆ.

ಆ ಸಂಕೋಚದ ಕಲೆಯು ಕನ್ನಡಕ್ಕೆ ಮೊದಮೊದಲು ಒದಗಿದ್ದೂ ಈ ಕರಾವಳಿಯಲ್ಲಿಯೇ ಎಂಬುದು ಸಂತೋಷಪಡಬೇಕಾದ ಸಂಗತಿ. ಬಾಸೆಲ್ ಮಿಶನ್ನಿನ ಮೊಗ್ಲಿಂಗರು 1843ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಂದಿನಿಂದ ಅಚ್ಚಿನ ಮೊಳೆಗಳ ಸಹವಾಸವಿದ್ದ ಮಂಗಳೂರಿನಲ್ಲಿ, 1900ರ ಹೊತ್ತಿಗೆ ಬೆನಗಲ್ ರಾಮರಾಯರ ಸಂಪಾದಕತ್ವದಲ್ಲಿ ‘ಸುವಾಸಿನಿ’ಯೆಂಬ ಪತ್ರಿಕೆಯು ಹೊರಟಿತು, ಅದರ ಪುಟಗಳಲ್ಲಿ ಪಂಜೆ ಮಂಗೇಶರಾಯರ ಕತೆಗಳು ಕಾಣಿಸಿಕೊಂಡವು. 1874ರಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆಯವರು ಅಧ್ಯಾಪಕರಾಗಿ, ತರುವಾಯ ಶಾಲಾ ತನಿಖಾಧಿಕಾರಿಗಳಾಗಿ ಜಿಲ್ಲೆಯ ಶಾಲೆಗಳನ್ನು ಸುತ್ತಿದವರು. ಮಕ್ಕಳೆದುರಿಗೆ ನಿಂತು ಕತೆ ಹೇಳಿ, ಎಲ್ಲಿ ಅವರ ಕಣ್ಣರಳಿತು, ಎಲ್ಲಿ ಆಕಳಿಕೆ ಬಂದಿತು ಎಂಬುದನ್ನು ಕಂಡವರು. ಅವರ ವಾಕ್ಯಗಳ ಲಘುತ್ವಕ್ಕೂ ಆಡುಮಾತಿನ ಬೆಡಗಿಗೂ ಈ ಅನುಭವವೇ ಕಾರಣವಿರಬೇಕು. 1921ರಲ್ಲಿ ಅವರು ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಸ್ಥಾಪಿಸಿದಾಗ, ಒಬ್ಬನೇ ಕುಳಿತು ಮಾಡುವ ಬರವಣಿಗೆಗೆ ಒಂದು ಮಂಡಲದ ಆಶ್ರಯ ಬೇಕೆಂಬ ಅರಿವು ಸ್ಪಷ್ಟವಾದ ರೂಪ ತಾಳಿತೆನ್ನಬಹುದು.

ಘಟ್ಟದ ಮೇಲೆ ಮಾಸ್ತಿಯವರು 1910ರ ಸುಮಾರಿಗೆ ಕತೆ ಬರೆಯತೊಡಗಿ, 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಎಂಬ ಸಂಗ್ರಹದಿಂದ ಈ ಪ್ರಕಾರಕ್ಕೆ ಗೌರವದ ಪೀಠವನ್ನು ಹಾಕಿಕೊಟ್ಟರು. ಧಾರವಾಡದಲ್ಲಿ ಬೇಂದ್ರೆಯವರ ಸುತ್ತ ಸೇರಿದ ಗೆಳೆಯರ ಗುಂಪು, ಬರೆದುದನ್ನು ಮೊದಲು ಗೆಳೆಯರಿಗೆ ಓದಿ ಹೇಳುವ, ಅವರ ಮೆಚ್ಚುಗೆಯನ್ನೂ ಆಕ್ಷೇಪವನ್ನೂ ಒಂದೇ ಪ್ರೀತಿಯಿಂದ ಸ್ವೀಕರಿಸುವ ಪದ್ಧತಿಗೆ ನಾಡಿನಲ್ಲಿ ಮೇಲ್ಪಂಕ್ತಿಯಾಯಿತು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯವು ಲೇಖಕರ ಕಮ್ಮಟವನ್ನು ಆರಂಭಿಸಿದುದು 1936ರಲ್ಲಿ. ಧಾರವಾಡದ ಗೆಳೆಯರು ಅದಕ್ಕೆ ಹತ್ತು ವರ್ಷಗಳಿಗೂ ಮುಂಚೆಯೇ ಕೂಡಿದ್ದರೆಂಬುದನ್ನು ನೆನೆದರೆ, ಸಾಹಿತ್ಯದ ಅಭ್ಯಾಸಕೂಟವು ನಮಗೆ ಪರದೇಶದಿಂದ ಬಂದ ಸಾಮಗ್ರಿಯಲ್ಲವೆಂಬ ಧೈರ್ಯ ಹುಟ್ಟುತ್ತದೆ.

ಪೆರಾಬೆಯ ನೆರೆಗೆ ಮರಳೋಣ. ಕೋಟದಲ್ಲಿ ಹುಟ್ಟಿದ ಶಿವರಾಮ ಕಾರಂತರು ಪುತ್ತೂರಿಗೆ ಬಂದು, ಸಹಕಾರಿ ಧುರೀಣರಾದ ಮೊಳಹಳ್ಳಿ ಶಿವರಾಯರ ಸ್ನೇಹ ಬೆಂಬಲಗಳೊಡನೆ ದಸರಾ ನಾಡಹಬ್ಬವನ್ನು ನಡೆಯಿಸಿ, ಪರ್ಲಡ್ಕದ ಗುಡ್ಡದ ಮೇಲೆ ಬಾಲವನವನ್ನು ಕಟ್ಟಿ, ಮುದ್ರಣಾಲಯವೊಂದನ್ನೂ ಹೂಡಿ, ಸುಮಾರು ನಾಲ್ಕು ದಶಕಗಳ ಕಾಲ ಈ ಸೀಮೆಯ ಬೌದ್ಧಿಕ ಜೀವನಕ್ಕೆ ಕೇಂದ್ರವಾಗಿದ್ದರು. ಕಾರಂತರು ಗುಂಪಿನಲ್ಲಿ ಕುಳಿತು ಕತೆಯನ್ನು ತಿದ್ದಿಸಿಕೊಂಡವರಲ್ಲ. ಅವರ ಪ್ರಕೃತಿಯೇ ಬೇರೆ. ಆದರೆ ಕೇಳುವುದು ಹೇಗೆಂಬುದನ್ನು ಕಲಿಯಬೇಕೆನ್ನುವ ಕತೆಗಾರನಿಗೆ ಅವರ ‘ಬೆಟ್ಟದ ಜೀವ’ಕ್ಕಿಂತ ಮಿಗಿಲಾದ ಗುರುವಿಲ್ಲ. ಸುಬ್ರಹ್ಮಣ್ಯದಿಂದ ಪಂಜಕ್ಕೆ ಹೊರಟು ಕಾಡಿನಲ್ಲಿ ದಾರಿ ತಪ್ಪಿದ ಪ್ರವಾಸಿಗನೊಬ್ಬನನ್ನು ದೇರಣ್ಣನೂ ಬಟ್ಯನೂ ಗೋಪಾಲಯ್ಯನ ಮನೆಗೆ ತಂದು ಮುಟ್ಟಿಸುತ್ತಾರೆ. ಅಲ್ಲಿಂದ ಮುಂದೆ ಆ ಪ್ರವಾಸಿಗನು ಮಾಡುವ ಮುಖ್ಯ ಕೆಲಸವು ಮುದುಕನ ಮಾತನ್ನು ಕೇಳುವುದು. ಮನೆ ಬಿಟ್ಟುಹೋದ ಮಗನ ದುಃಖವನ್ನು ಗೋಪಾಲಯ್ಯನು ನೇರವಾಗಿ ಆಡುವುದಕ್ಕಿಂತ, ಕಾಡು ಕಡಿದುದನ್ನೂ ತೋಟ ಎಬ್ಬಿಸಿದುದನ್ನೂ ಹುಲಿಯನ್ನೂ ಆನೆಯನ್ನೂ ಕುರಿತು ಆಡುವ ಮಾತುಗಳ ನಡುವಿನಿಂದ ಕೇಳುಗನು ಅದನ್ನು ಸಂಗ್ರಹಿಸಿಕೊಳ್ಳುತ್ತಾನೆ. ಅದು ಸಣ್ಣಕತೆಯಲ್ಲ, ನಿಜ. ಆದರೂ ಹೇಳದೆಯೇ ತಿಳಿಸುವ ವಿದ್ಯೆಗೆ, ಕಡಬ ಸುಳ್ಯಗಳ ಯಾವ ಹೊಸ ಬರಹಗಾರನೂ ಮೊದಲು ಓದಬೇಕಾದ ಪುಸ್ತಕ ಅದು.

ಇನ್ನು ಕುಳ್ಕುಂದದ ಶಿವರಾಯರು, ಎಂದರೆ ನಿರಂಜನರು. ಸುಬ್ರಹ್ಮಣ್ಯದ ಬಳಿಯ ಕುಳ್ಕುಂದದಲ್ಲಿ 1924ರಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಲೇಖನಿ ಹಿಡಿದು, ಪ್ರಗತಿಶೀಲ ಪಂಥದ ಮುಂಚೂಣಿಯಲ್ಲಿ ನಿಂತ ಇವರ ‘ಕೊನೆಯ ಗಿರಾಕಿ’ಯನ್ನು ಕಥಾಭ್ಯಾಸದ ದೃಷ್ಟಿಯಿಂದ ನಾನು ಮರಳಿ ಮರಳಿ ಓದಿದ್ದೇನೆ. ಅದರ ನಾಯಿಕೆಗೆ ಮಾತು ಬಾರದು. ತನ್ನ ಸಂಕಟವನ್ನು ಒಂದು ವಾಕ್ಯದಿಂದಲೂ ಪ್ರಕಟಿಸಲಾರದ ಹೆಣ್ಣನ್ನು ಕತೆಯ ನಡುವೆ ನಿಲ್ಲಿಸಿದ ಲೇಖಕನು, ಸಂಭಾಷಣೆಯೆಂಬ ಸುಲಭಸಾಧನವನ್ನು ತಾನಾಗಿಯೇ ತ್ಯಜಿಸಿದಂತಾಯಿತು. ನಗರದ ನಿರ್ದಯೆಯೆಲ್ಲವನ್ನೂ ಅವಳ ದೇಹಕ್ಕೆ ಆಗುವುದರಿಂದಲೇ ಓದುಗನು ಅರಿಯಬೇಕಾಗುತ್ತದೆ. ಇದೇ ನಿರಂಜನರು ಮುಂದೆ, ಪಾರ್ಶ್ವವಾಯುವಿನಿಂದ ದೇಹ ಕುಗ್ಗಿದ್ದ ಕಾಲದಲ್ಲಿ, ನವಕರ್ನಾಟಕ ಪ್ರಕಾಶನಕ್ಕಾಗಿ ‘ವಿಶ್ವಕಥಾಕೋಶ’ದ 25 ಸಂಪುಟಗಳನ್ನು ಸಂಪಾದಿಸಿ, ನಾಡಿನ ಅನೇಕ ಅನುವಾದಕರನ್ನು ಒಂದು ಕಾರ್ಯದಲ್ಲಿ ತೊಡಗಿಸಿ, ಲೋಕದ ದೇಶದೇಶಗಳ ಸಣ್ಣಕತೆಗಳನ್ನು ಕನ್ನಡಿಗರ ಮನೆಬಾಗಿಲಿಗೆ ತಂದರು. ಕುಳ್ಕುಂದದಿಂದ ಹೊರಟವರೊಬ್ಬರು ಜಗತ್ತಿನ ಕತೆಗಳನ್ನೆಲ್ಲ ಹೀಗೆ ಕೂಡಿಸಿಕೊಟ್ಟ ಮೇಲೆ, ನಮ್ಮ ಹಳ್ಳಿಯವರಿಗೆ ಮಾದರಿಗಳು ಸಿಗಲಿಲ್ಲವೆಂಬ ನೆವಕ್ಕೆ ಎಡೆಯೇ ಉಳಿಯಲಿಲ್ಲ.

ಹಾಗಿದ್ದರೂ ಕೂಟಗಳ ಅಗತ್ಯವು ತೀವ್ರವಾಗಿ ಕಾಣತೊಡಗಿದುದು ಪತ್ರಿಕೆಗಳ ಯುಗದಲ್ಲಿ. 1965ರಲ್ಲಿ ‘ಸುಧಾ’, 1968ರಲ್ಲಿ ‘ಮಯೂರ’, 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’, 1983ರಲ್ಲಿ ‘ತರಂಗ’, ಇವುಗಳೊಡನೆ ವರ್ಷಕ್ಕೊಮ್ಮೆ ದೀಪಾವಳಿಯ ವಿಶೇಷಾಂಕಗಳೂ ಅವುಗಳ ಕಥಾಸ್ಪರ್ಧೆಗಳೂ ಹಳ್ಳಿಯ ಬರಹಗಾರರಿಗೆ ದೊಡ್ಡ ಆಸೆಯಾಗಿದ್ದವು. ಕಾಗದದ ಒಂದೇ ಮಗ್ಗುಲಲ್ಲಿ ಬರೆದು, ಸ್ವವಿಳಾಸದ ಲಕೋಟೆಗೆ ಸ್ಟಾಂಪು ಹಚ್ಚಿ, ಅಂಚೆಗೆ ಹಾಕಿ ತಿಂಗಳುಗಟ್ಟಲೆ ಕಾದರೆ, ಅದೇ ಲಕೋಟೆಯಲ್ಲಿ ಕತೆಯು ಹಿಂದಿರುಗುತ್ತಿದ್ದುದೇ ಹೆಚ್ಚು. ಏಕೆ ಹಿಂದಿರುಗಿತು ಎಂಬುದನ್ನು ಮಾತ್ರ ಯಾರೂ ಹೇಳುತ್ತಿರಲಿಲ್ಲ. ಸಾವಿರಾರು ಹಸ್ತಪ್ರತಿಗಳ ನಡುವೆ ಕುಳಿತ ಸಂಪಾದಕರಿಗೆ ಅದು ಸಾಧ್ಯವೂ ಇರಲಿಲ್ಲ. ಆ ‘ಏಕೆ’ಗೆ ಉತ್ತರ ಕೊಡಬಲ್ಲ ನಾಲ್ಕು ಜನ ಬೇಕಾಗಿದ್ದರು.

ಕರಾವಳಿಯಲ್ಲಿ ಅಂಥವರು ಬೇರೆ ಬೇರೆ ರೀತಿಯಲ್ಲಿ ಕೂಡಿಕೊಂಡರು. ಕಾರ್ಕಳದ ಕಡೆಯ ಕಾಂತಾವರವೆಂಬ ಪುಟ್ಟ ಗ್ರಾಮದಲ್ಲಿ ವೈದ್ಯರೂ ಕಾದಂಬರಿಕಾರರೂ ಆದ ನಾ. ಮೊಗಸಾಲೆಯವರು 1976ರಲ್ಲಿ ಕನ್ನಡ ಸಂಘವನ್ನು ಕಟ್ಟಿ, ಪೇಟೆಯ ಆಸರೆಯಿಲ್ಲದೆಯೂ ಸಾಹಿತ್ಯದ ಸಂಸ್ಥೆ ಬಾಳಬಲ್ಲುದೆಂದು ತೋರಿಸಿಕೊಟ್ಟರು. ಮಂಗಳೂರಿನ ಕರಾವಳಿ ಲೇಖಕಿಯರ ವಾಚಕಿಯರ ಸಂಘವು, ಸಾರಾ ಅಬೂಬಕ್ಕರ್ ಅವರಂಥ ದಿಟ್ಟ ಕತೆಗಾರ್ತಿಯರ ಮುಂದಾಳುತನವನ್ನು ಕಂಡ ಸಂಸ್ಥೆ. ಬರೆಯುವವಳ ಪಕ್ಕದಲ್ಲಿಯೇ ಓದುವವಳಿಗೂ ಸಮಾನವಾದ ಆಸನವನ್ನು ಹಾಕಿದ ಅದರ ಔದಾರ್ಯವನ್ನು ಎಷ್ಟು ಕೊಂಡಾಡಿದರೂ ಸಾಲದು. ಈಚೆಗೆ, ಉಪ್ಪಿನಂಗಡಿಯ ಕತೆಗಾರ, ಪತ್ರಕರ್ತ ಗೋಪಾಲಕೃಷ್ಣ ಕುಂಟಿನಿಯವರೂ ಲೇಖಕ ಜೋಗಿಯವರೂ ಮುಂದೆ ನಿಂತು ನಡೆಯಿಸಿದ ‘ಕಥೆಕೂಟ’ವು ವಾಟ್ಸಾಪಿನ ಗುಂಪಾಗಿ ತೊಡಗಿ, ಬೆಂಗಳೂರಿನಲ್ಲಿದ್ದವರನ್ನೂ ಅಡಿಕೆ ತೋಟದ ಮನೆಯಲ್ಲಿದ್ದವರನ್ನೂ ಒಂದೇ ಜಗಲಿಯಲ್ಲಿ ಕುಳ್ಳಿರಿಸಿತು. ಪೆರಾಬೆಯಿಂದ ಉಪ್ಪಿನಂಗಡಿ ಎಷ್ಟೂ ದೂರವಲ್ಲ. ಮನೆಗೂ ಮನೆಗೂ ನಡುವೆ ಗುಡ್ಡವಿರುವ ಊರಿನವರಿಗೆ ಆ ಉಪಾಯವು ಹೊಳೆದುದರಲ್ಲಿ ನನಗೆ ಔಚಿತ್ಯವೇ ಕಾಣುತ್ತದೆ.

ಕೂಟದಲ್ಲಿ ನಡೆಯಬೇಕಾದುದು ಏನು? ಪ್ರಶಂಸೆಯ ವಿನಿಮಯವಂತೂ ಅಲ್ಲ. ಕತೆಯನ್ನು ಗಟ್ಟಿಯಾಗಿ ಓದಬೇಕು. ಬರೆದವನೇ ಓದುವುದಕ್ಕಿಂತ ಬೇರೊಬ್ಬರು ಓದಿದರೆ ಇನ್ನೂ ಒಳ್ಳೆಯದು, ಏಕೆಂದರೆ ಲೇಖಕನು ತನ್ನ ದನಿಯ ಏರಿಳಿತದಿಂದ ವಾಕ್ಯದ ದೌರ್ಬಲ್ಯವನ್ನು ಮುಚ್ಚಿಬಿಡುವನು, ಪರರ ನಾಲಗೆಯು ಅದನ್ನು ಮುಚ್ಚದು. ಓದು ಮುಗಿದು ಇತರರು ಮಾತಾಡುವಷ್ಟು ಹೊತ್ತು ಬರೆದವನು ಸುಮ್ಮನಿರಬೇಕು. ಇದು ಕಠಿನವಾದ ವ್ರತ. ‘ನನ್ನ ಅಭಿಪ್ರಾಯ ಹಾಗಲ್ಲ, ಹೀಗೆ’ ಎಂದು ವಿವರಿಸುವ ಆತುರ ಯಾರಿಗೆ ತಾನೆ ಇಲ್ಲ? ಆದರೆ ಅಚ್ಚಾದ ಕತೆಯ ಹಿಂದೆ ಹಿಂದೆ ಲೇಖಕನು ಮನೆಮನೆಗೆ ಹೋಗಿ ವಿವರಿಸಲಾರನಷ್ಟೆ.

ಉದಾಹರಣೆಗೆ, ಈ ಸೀಮೆಯ ತರುಣನೊಬ್ಬನು ಅಡಿಕೆಗೆ ಕೊಳೆರೋಗ ತಗುಲಿದ ವರ್ಷದ ಕತೆಯನ್ನು ಬರೆದನೆನ್ನಿ. ತೋಟವನ್ನು ಮಾರಬೇಕೆಂದು ಪೇಟೆಯಿಂದ ಬಂದ ಮಗ, ಮಾರಲೊಲ್ಲದ ತಂದೆ. ಮೊದಲ ಎರಡು ಪುಟಗಳು ಮಳೆಯ ವರ್ಣನೆಗೆ, ಮೂರನೆಯದು ಮನೆತನದ ಚರಿತ್ರೆಗೆ ಹೋಗಿರುತ್ತವೆ. ಕೂಟದಲ್ಲಿ ಕುಳಿತ ಕೃಷಿಕರೊಬ್ಬರು ಕೇಳುತ್ತಾರೆ: ‘ಆ ದಿನ ಔಷಧಿ ಬಿಡುವವರು ಬಂದಿದ್ದರೋ, ಇಲ್ಲವೋ?’ ಆ ಒಂದು ಪ್ರಶ್ನೆಯಿಂದ ಕತೆಯ ಬಾಗಿಲು ತೆರೆಯುತ್ತದೆ. ಡ್ರಮ್ಮಿನಲ್ಲಿ ಮೈಲುತುತ್ತನ್ನೂ ಸುಣ್ಣವನ್ನೂ ಬೆರೆಸಿ ಇಟ್ಟಿದೆ, ಮಳೆ ಹೊಳವಾಗಿದೆ, ಮರ ಹತ್ತುವವನು ಬಂದಿಲ್ಲ, ಮೇಲಕ್ಕೆ ನೋಡುತ್ತ ತಂದೆ ನಿಂತಿದ್ದಾನೆ. ಮಗನು ಮಾರಾಟದ ಮಾತನ್ನು ತೆಗೆಯುವುದಾದರೆ ಆ ಘಳಿಗೆಯಲ್ಲಿಯೇ ತೆಗೆಯಬೇಕು. ಹಿಂದಿನ ಮೂರು ಪುಟಗಳು ತಾವಾಗಿಯೇ ಉದುರಿಹೋಗುತ್ತವೆ. 1842ರಲ್ಲಿ ಎಡ್ಗರ್ ಅಲನ್ ಪೋ ಎಂಬ ಅಮೆರಿಕದ ಲೇಖಕನು, ಒಂದೇ ಸಲಕ್ಕೆ ಕುಳಿತು ಓದಿ ಮುಗಿಸಬಹುದಾದ ಕತೆಯಲ್ಲಿ ಸಮಸ್ತವೂ ಏಕೈಕ ಪರಿಣಾಮದ ಕಡೆಗೆ ನಡೆಯಬೇಕೆಂದು ಪ್ರತಿಪಾದಿಸಿದನು. ಆ ತತ್ತ್ವವನ್ನು ಓದದ ಕೃಷಿಕನ ಪ್ರಶ್ನೆಯೂ ಅದನ್ನೇ ಕೇಳಿತು. ನಾನು ಕುಳಿತು ಕೇಳಿದ ಕೂಟಗಳಲ್ಲಿ ಅತ್ಯಂತ ಪ್ರಯೋಜನವಾದ ಮಾತುಗಳು ಬಂದುದು ಬಹುಮಟ್ಟಿಗೆ ಸ್ವತಃ ಬರೆಯದವರ ಬಾಯಿಂದಲೇ.

ಈ ಸೀಮೆಯ ಕತೆಗಾರನಿಗೆ ಇನ್ನೊಂದು ವಿಶೇಷವಾದ ತೊಡಕಿದೆ. ಪೆರಾಬೆಯ ಸುತ್ತಿನಲ್ಲಿ ಮನೆಯೊಳಗೆ ತುಳುವನ್ನಾಡುವವರು, ಹವ್ಯಕ ಕನ್ನಡವನ್ನಾಡುವವರು, ಅರೆಭಾಷೆಯವರು, ಬ್ಯಾರಿಗಳು, ಕೊಂಕಣಿಯವರು, ಕೇರಳದಿಂದ ಬಂದು ರಬ್ಬರು ಬೆಳೆದು ನೆಲೆಸಿದ ಮಲಯಾಳದವರು ಎಲ್ಲರೂ ಇದ್ದಾರೆ. ಇವರಲ್ಲಿ ಬಹುಮಂದಿಗೆ ಕನ್ನಡವು ಶಾಲೆಯಲ್ಲಿಯೂ ಪುಸ್ತಕದಲ್ಲಿಯೂ ದೊರೆತ ಭಾಷೆ. ಜಗಳದಲ್ಲಿ, ಮುದ್ದಿನಲ್ಲಿ, ಸಾವಿನ ಮನೆಯಲ್ಲಿ ಪಾತ್ರಗಳು ಆಡುವ ನುಡಿ ಬೇರೆ, ಕತೆಗಾರನು ಬರೆಯುವ ನುಡಿ ಬೇರೆ. 1933ರಲ್ಲಿಯೇ ಕಾರಂತರು ‘ಚೋಮನ ದುಡಿ’ಯಲ್ಲಿ ಈ ಸಂಕಟವನ್ನು ಎದುರಿಸಿ, ತುಳುವಿನ ಪರಿಸರದ ಚೋಮನಿಂದ ಆಡಂಬರವಿಲ್ಲದ ಕನ್ನಡವನ್ನಾಡಿಸಿದರು. ಪುಸ್ತಕದ ಕನ್ನಡವು ಬಾಯಿಗೆ ಬಿಗಿಯಾದಲ್ಲಿ ಕೂಟದ ಕಿವಿಗೆ ಅದು ಕೂಡಲೇ ತಿಳಿಯುತ್ತದೆ. ‘ನಮ್ಮ ಅಜ್ಜಿ ಹೀಗೆ ಹೇಳಲಿಕ್ಕಿಲ್ಲ’ ಎಂದು ಒಬ್ಬಳು ಹುಡುಗಿ ಹೇಳಿದರೆ ಸಾಕು, ಬರೆದವನು ಆ ವಾಕ್ಯಕ್ಕೆ ಮರಳಲೇಬೇಕು. ಇಷ್ಟು ಭಾಷೆಗಳ ಕಿವಿಗಳು ಒಂದೇ ಚಾವಡಿಯಲ್ಲಿ ಕೂಡುವ ಭಾಗ್ಯವು ಎಲ್ಲ ಊರಿಗೂ ಇಲ್ಲ.

ಆದ್ದರಿಂದ ಪೆರಾಬೆ, ಕುಂತೂರು, ಆಲಂಕಾರು, ಕಡಬ, ಸುಳ್ಯಗಳ ಸೋದರ ಸೋದರಿಯರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಸಂಘದ ನೋಂದಣಿ, ಅಧ್ಯಕ್ಷರು, ಶಾಲು, ಹಾರ, ಇವಾವುವೂ ಆರಂಭಕ್ಕೆ ಬೇಕಿಲ್ಲ. ಗ್ರಂಥಾಲಯದ ಒಂದು ಮೂಲೆಯಲ್ಲಿ, ಶಾಲೆ ಬಿಟ್ಟ ಮೇಲಿನ ಒಂದು ಕೊಠಡಿಯಲ್ಲಿ, ಇಲ್ಲವೆ ಅಡಿಕೆ ಸುಲಿಯುವ ಅಂಗಳದಲ್ಲಿ ತಿಂಗಳಿಗೊಂದು ಸಂಜೆ ನಾಲ್ಕೈದು ಮಂದಿ ಕೂಡಿರಿ. ಮೊದಲ ಸಂಜೆ ಪಂಜೆಯವರ ಒಂದು ಕತೆಯನ್ನೂ, ಎರಡನೆಯ ಸಂಜೆ ‘ವಿಶ್ವಕಥಾಕೋಶ’ದ ಯಾವುದಾದರೊಂದು ಸಂಪುಟದಿಂದ ಒಂದನ್ನೂ ಗಟ್ಟಿಯಾಗಿ ಓದಿಸಿ ಕೇಳಿರಿ. ನಿಮ್ಮಲ್ಲೊಬ್ಬರು ಬರೆದುದನ್ನು ಮೂರನೆಯ ಸಂಜೆಗೆ ತನ್ನಿರಿ. ಬರೆಯದಿದ್ದರೂ ಕೇಳಬಲ್ಲ ಒಬ್ಬ ಹಿರಿಯರನ್ನು ಆ ಸಂಜೆಗೆ ತಪ್ಪದೆ ಕರೆಯಿರಿ.