ಮನೆಯಿಲ್ಲದವರೂ ನಮ್ಮವರೇ

ಬಸ್ ನಿಲ್ದಾಣದ ಕಟ್ಟೆಯ ಮೇಲೋ ಸಂತೆಮಾಳದಲ್ಲೋ ರಾತ್ರಿ ಕಳೆಯುವವರನ್ನು ನೀವು ಕಂಡಿರಬಹುದು. 2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಇಂತಹ ವಸತಿಹೀನರು 17 ಲಕ್ಷಕ್ಕೂ ಹೆಚ್ಚು. ಇವರೆಲ್ಲರೂ ಸೋಮಾರಿಗಳೆಂದು ಭಾವಿಸುವುದು ಸರಿಯಲ್ಲ. ಬರ, ಸಾಲ, ಗಂಡನ ಹಿಂಸೆ, ಮಕ್ಕಳ ತಾತ್ಸಾರ, ಚಿಕಿತ್ಸೆ ದೊರೆಯದ ಮನೋರೋಗ, ಇವುಗಳಲ್ಲೊಂದು ಸಾಕು, ಮನುಷ್ಯನು ಬೀದಿಗೆ ಬೀಳಲು.

ಮನೋರೋಗದಿಂದ ಅಲೆಯುವವರನ್ನು ಹಾಸ್ಯ ಮಾಡದಂತೆ, ಅವರತ್ತ ಕಲ್ಲೆಸೆಯದಂತೆ ನಿಮ್ಮ ಮಕ್ಕಳಿಗೆ ತಿಳಿಹೇಳಿರಿ. ಅನ್ನ, ನೀರು ನೀಡಿ ಪೊಲೀಸ್ ಠಾಣೆಗೆ ಸುದ್ದಿ ಮುಟ್ಟಿಸಿರಿ. 2017ರ ಮಾನಸಿಕ ಆರೋಗ್ಯ ಕಾಯಿದೆಯಂತೆ ಪೊಲೀಸರು ಅವರನ್ನು ರಕ್ಷಣೆಗೆ ತೆಗೆದುಕೊಂಡು, 24 ಗಂಟೆಗಳೊಳಗೆ ಸರ್ಕಾರಿ ಆಸ್ಪತ್ರೆಗೆ ಕರೆದೊಯ್ಯಬೇಕು, ಲಾಕಪ್ಪಿನಲ್ಲಿ ಇಡುವಂತಿಲ್ಲ. ಚಿಕಿತ್ಸೆಯಿಂದ ಗುಣಹೊಂದಿ ಮನೆ ಸೇರಿದವರುಂಟು.

ನಿಮ್ಮ ಮನೆಯ ವೃದ್ಧರೂ ರೋಗಿಗಳೂ ದಿಕ್ಕಿಲ್ಲದೆ ಹೊಸ್ತಿಲು ದಾಟದಂತೆ ದಂಪತಿಗಳಿಬ್ಬರೂ ಕೂಡಿ ನೋಡಿಕೊಳ್ಳಿರಿ. ಅದೂ ಕುಟುಂಬ ಕಲ್ಯಾಣವೇ.