ಕ್ಯಾತ್ಸಂದ್ರದ ನಡುಮನೆಯಲ್ಲೊಂದು ಚಿತ್ರೋತ್ಸವ

ಮನೆಯ ಚಿತ್ರೋತ್ಸವವೆಂದರೆ ಕೈಗೆ ಸಿಕ್ಕ ಸಿನಿಮಾಗಳನ್ನು ಸಾಲಾಗಿ ನೋಡಿ ಮುಗಿಸುವುದಲ್ಲ. ಒಂದು ಎಳೆ ಹಿಡಿದು ನಾಲ್ಕಾರು ಚಿತ್ರ ಆರಿಸಿ, ಯಾವುದರ ಬೆನ್ನಿಗೆ ಯಾವುದು ಎಂದು ಗೊತ್ತುಮಾಡಿಕೊಂಡು ನೋಡುವುದು. 1932ರಲ್ಲಿ ವೆನಿಸ್‌ನ ಮೊದಲ ಚಿತ್ರೋತ್ಸವ ನಡೆದದ್ದೂ ಒಂದು ಹೋಟೆಲಿನ ತಾರಸಿಯ ಮೇಲೆಯೇ.

ಪರೀಕ್ಷೆ ಮುಂದಕ್ಕೆ ಹೋದಾಗ, ಕಾಲು ಮುರಿದು ಮನೆಯಲ್ಲಿ ಕೂತಾಗ, ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರುವ ನಡುವೆ ನೆನೆಸದ ಬಿಡುವು ಸಿಗುತ್ತದೆ. 2020ರ ಮಾರ್ಚ್ 25ರಿಂದ 21 ದಿನ ಇಡೀ ದೇಶವೇ ಬಾಗಿಲು ಹಾಕಿಕೊಂಡು ಕೂತಿತ್ತು. ಇಂಥ ಹೊತ್ತಿನಲ್ಲಿ ಏನು ನೋಡುವುದೆಂದು ಹುಡುಕುವುದರಲ್ಲೇ ಸಂಜೆ ಮುಗಿದುಹೋಗುತ್ತದೆ. ಎಳೆ ಬೇಕಾಗುವುದು ಅದಕ್ಕೆ.

ಕ್ಯಾತ್ಸಂದ್ರದವರು ಎಳೆಗಾಗಿ ದೂರ ಹೋಗಬೇಕಿಲ್ಲ. ಊರಿನ ಸ್ಟೇಷನ್ ಮೇಲೆ ಹಾದುಹೋಗುವ ರೈಲುದಾರಿ ತುಮಕೂರು ದಾಟಿ ಗುಬ್ಬಿ, ತಿಪಟೂರುಗಳತ್ತ ಸಾಗುತ್ತದೆ. ಕನ್ನಡ ಸಿನಿಮಾದ ದೊಡ್ಡ ಪಾಲು ಬೆಳೆದದ್ದು ಗುಬ್ಬಿ ವೀರಣ್ಣನವರ ನಾಟಕ ಕಂಪನಿಯ ನೆರಳಲ್ಲಿ. ಆದ್ದರಿಂದ ಮೊದಲ ಚಿತ್ರ 1954ರ ‘ಬೇಡರ ಕಣ್ಣಪ್ಪ’ವೇ ಆಗಬೇಕು. ಎಚ್.ಎಲ್.ಎನ್. ಸಿಂಹ ನಿರ್ದೇಶಿಸಿದ, ಗುಬ್ಬಿ ಸಂಸ್ಥೆಯ ಈ ಚಿತ್ರದಲ್ಲೇ ಕಂಪನಿಯ ನಟ ಮುತ್ತುರಾಜ ರಾಜಕುಮಾರ್ ಆದದ್ದು. ಒಂದು ಕಣ್ಣು ಕಿತ್ತು ಶಿವನಿಗೆ ಇಟ್ಟ ಬೇಡ, ಎರಡನೆಯದನ್ನೂ ಕೀಳುವ ಮೊದಲು ಜಾಗ ತಪ್ಪದಿರಲೆಂದು ಲಿಂಗದ ಮೇಲೆ ಕಾಲಿಡುವ ಕಥೆ ಅದು. ಶಿವರಾತ್ರಿಯ ಹೊತ್ತಿಗೆ ಸಿದ್ಧಗಂಗೆಯ ಜಾತ್ರೆ ಕಂಡವರಿಗೆ ಈ ಭಕ್ತಿಯ ಪರಿಚಯ ಬೇರೆ ಹೇಳಬೇಕಿಲ್ಲ.

ಎರಡನೆಯದು ತಿಪಟೂರಿನ ನರಸಿಂಹರಾಜು ಅವರಿಗಾಗಿ: 1965ರ ‘ಸತ್ಯ ಹರಿಶ್ಚಂದ್ರ’. ಸಾಲ ವಸೂಲಿಗೆಂದು ರಾಜನ ಬೆನ್ನು ಬಿದ್ದ ನಕ್ಷತ್ರಿಕನಾಗಿ ಅವರು ಕಾಡುವ ಪರಿ ಇವತ್ತಿಗೂ ಹಳತಾಗಿಲ್ಲ. ಬಣ್ಣ ತುಂಬಿ 2008ರಲ್ಲಿ ಬಿಟ್ಟ ಪ್ರತಿಗಿಂತ ಮೂಲದ ಕಪ್ಪುಬಿಳುಪೇ ಮೇಲು.

ಆಯ್ಕೆಗೆ ಒಂದು ಗಡಿಯಿದೆ: ಪ್ರತಿ ಉಳಿದಿರಬೇಕು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ (1934) ಇಂದು ನೋಡಲು ಸಿಗುವುದಿಲ್ಲ. ಇದಕ್ಕಿಂತ ದೊಡ್ಡ ನಷ್ಟ ನಮ್ಮ ಸಿನಿಮಾಕ್ಕಿಲ್ಲ. ಅದರ ನಾಯಕ ಸುಬ್ಬಯ್ಯ ನಾಯ್ಡು ಅವರ ಮಗ ಲೋಕೇಶ್ ನಟಿಸಿದ ‘ಪರಸಂಗದ ಗೆಂಡೆತಿಮ್ಮ’ (1978) ಮಾತ್ರ ಸಿಗುತ್ತದೆ. ಮಧುಗಿರಿ ಸೀಮೆಯ ದೊಡ್ಡರಂಗೇಗೌಡರು ಅದಕ್ಕೆ ಹಾಡು ಬರೆದಿದ್ದಾರೆ. ಮೂರನೆಯ ಸ್ಥಾನ ಅದಕ್ಕಿರಲಿ.

ಕೊನೆಗೆ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ (2008). ಸಿನಿಮಾ ಹುಚ್ಚಿನ ಸೂಲಗಿತ್ತಿ ಗುಲಾಬಿಯ ಮನೆಗೆ ಡಿಶ್ ಸಮೇತ ಬಣ್ಣದ ಟೀವಿ ಬರುತ್ತದೆ. ಅಕ್ಕಪಕ್ಕದ ಹೆಂಗಸರು ಅದರ ಮುಂದೆ ಬಂದು ಕೂರುತ್ತಾರೆ. ಹೊರಗೆ ಕಾರ್ಗಿಲ್ ಕಾಲದ ಅನುಮಾನ ಊರನ್ನು ಒಡೆಯುತ್ತದೆ. ಈ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದ ಉಮಾಶ್ರೀ ತಿಪಟೂರು ತಾಲ್ಲೂಕಿನ ನೊಣವಿನಕೆರೆಯವರು. ಮನೆಯಲ್ಲಿ ಕೂತು ಸಿನಿಮಾ ನೋಡುವುದನ್ನೇ ಕುರಿತ ಚಿತ್ರವಾದ್ದರಿಂದ ಇದು ಮೊದಲು ಬಂದರೆ ಉಳಿದವು ಸಪ್ಪೆಯಾದಾವು.

ದಿನಕ್ಕೆ ಒಂದು, ಹೆಚ್ಚೆಂದರೆ ಎರಡು ಚಿತ್ರ ಸಾಕು. ಹಳೆಯ ಚಿತ್ರಗಳು ಉದ್ದ. ಇಂಟರ್ವಲ್‌ನಲ್ಲಿ ಎದ್ದು ಓಡಾಡಬೇಕು. ಬೆಳಗಿನ ಪ್ರದರ್ಶನಕ್ಕೆ ಊರಿನ ತಟ್ಟೆ ಇಡ್ಲಿ ಪಾರ್ಸಲ್ ತಂದರೆ ಒಲೆ ಹಚ್ಚುವವರೂ ಮೊದಲ ದೃಶ್ಯ ತಪ್ಪಿಸಿಕೊಳ್ಳುವುದಿಲ್ಲ. ಟೆಂಟಿನಲ್ಲಿ ಈ ಚಿತ್ರಗಳನ್ನು ನೋಡಿದ ಅಜ್ಜ ಅಜ್ಜಿಯರಿದ್ದರೆ ಚಿತ್ರಕ್ಕೆ ಮುಂಚೆ ಹತ್ತು ನಿಮಿಷ ಅವರ ಮಾತಿಗೆ ಬಿಡಬೇಕು. ಫೋನು ಪಕ್ಕದ ಕೋಣೆಯಲ್ಲಿರಲಿ. ಕೊನೆಯ ದಿನದ ಸಂಜೆಗೆ ಯಾವ ಚಿತ್ರವನ್ನೂ ಮೊದಲೇ ಗೊತ್ತುಮಾಡದೆ, ಮತ್ತೊಮ್ಮೆ ನೋಡಬೇಕೆಂದು ಎಲ್ಲರೂ ಒಪ್ಪಿದ್ದನ್ನು ಹಾಕಬಹುದು.